ಈ ಆಪರೇಷನ್‌ನಲ್ಲಿ ಬೊಜ್ಜು ತೆಗೆಯುವುದಿಲ್ಲ

"ಡಾಕ್ಟ್ರೇ, ಈ ಹೊಟ್ಟೆ ಒಂದು ತೆಗೆದುಬಿಡ್ರಿ." ಹರಿಹರದ ಕಡೆಯಿಂದ ದಾವಣಗೆರೆಗೆ ತೋರಿಸಿಕೊಳ್ಳಲು ಬಂದ ಹೆಂಗಸೊಬ್ಬರು ಕೂರುವ ಮೊದಲೇ ಹೇಳಿದ ಮಾತಿದು. ತೂಕ 104 ಕೆಜಿ, ಜೊತೆಗೆ ಶುಗರ್. ಪಕ್ಕದಲ್ಲಿದ್ದ ಮಗ, "ಬಾಯಿ ಕಟ್ಟಿದ್ರೆ ಸಾಕಲ್ವಾ ಸರ್, ಆಪರೇಷನ್ ಯಾಕೆ?" ಅಂದ. ಆಕೆ ತಲೆ ತಗ್ಗಿಸಿದರು.

ಆ ತಲೆ ತಗ್ಗಿಸುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ನನ್ನ ಹತ್ತಿರ ಬರುವವರಲ್ಲಿ ಬಾಯಿ ಕಟ್ಟಿ ಸೋತವರೇ ಜಾಸ್ತಿ. ಬೆಳಿಗ್ಗೆ ಐದಕ್ಕೆದ್ದು ಕುಂದವಾಡ ಕೆರೆ ಸುತ್ತಿದವರು, ರಾತ್ರಿ ಊಟ ಬಿಟ್ಟವರು. ಎಂಟು ಕೆಜಿ ಇಳಿಯುತ್ತದೆ, ಹತ್ತು ಕೆಜಿ ವಾಪಸ್ ಬರುತ್ತದೆ. ತೂಕ ಇಳಿದ ಕೂಡಲೇ ದೇಹ ಗಾಬರಿಯಾಗಿ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ಹೆಚ್ಚಿಸುತ್ತದೆ, ಖರ್ಚು ಮಾಡುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಅದು ಮನಸ್ಸಿನ ಸೋಲಲ್ಲ.

ತೂಕ ಇಳಿಸುವ ಬ್ಯಾರಿಯಾಟ್ರಿಕ್ ಆಪರೇಷನ್‌ನಲ್ಲಿ ನಾವು ಕೈ ಹಾಕುವುದು ಈ ಹಸಿವಿನ ಲೆಕ್ಕಕ್ಕೆ. ಬೊಜ್ಜನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಅದರಿಂದ ಶುಗರ್ ಇಳಿಯುವುದಿಲ್ಲ.

ಇವತ್ತು ಹೆಚ್ಚು ನಡೆಯುವುದು ಸ್ಲೀವ್, ಅಂದರೆ ಜಠರವನ್ನು ಕತ್ತರಿಸಿ ಕಿರಿದು ಮಾಡುವುದು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು, ಒಳಗೆ ಕ್ಯಾಮೆರಾ. ಸ್ಟೇಪ್ಲರ್ ಒಂದೊಂದು ಸಲ ಒತ್ತಿದಾಗಲೂ ಎರಡೂ ಕಡೆ ಸಾಲಾಗಿ ಟೈಟೇನಿಯಂ ಪಿನ್ ಬೀಳುತ್ತವೆ, ನಡುವೆ ಬ್ಲೇಡ್ ಕತ್ತರಿಸುತ್ತಾ ಹೋಗುತ್ತದೆ. ಜಠರದ ಸುಮಾರು ಮುಕ್ಕಾಲು ಭಾಗ ಖಾಲಿ ಚೀಲದಂತೆ ಹೊರಗೆ ಬರುತ್ತದೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಮೇಲಿನ ಭಾಗದಲ್ಲೇ. ಹಾಗಾಗಿ ಜಾಗ ಕಡಿಮೆಯಾಗುವುದರ ಜೊತೆಗೆ ಹಸಿವೂ ಕಡಿಮೆಯಾಗುತ್ತದೆ. ಇದನ್ನು ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ.

ಸ್ಲೀವ್‌ಗೆ ಮುಂಚೆ ನಾನು ಒತ್ತಿ ಒತ್ತಿ ಕೇಳುವ ಪ್ರಶ್ನೆ, "ಎದೆ ಉರಿ ಇದೆಯಾ?" ನಮ್ಮೂರಲ್ಲಿ ಬರುವ ಉತ್ತರ, "ಮಿರ್ಚಿ ಮಂಡಕ್ಕಿ ತಿಂದ್ರೆ ಯಾರಿಗಿರಲ್ಲ ಸರ್?" ಇದು ಸುಮ್ನೆ ಬಿಡುವ ಮಾತಲ್ಲ. ಕಿರಿದಾದ ಕೊಳವೆಯೊಳಗೆ ಒತ್ತಡ ಜಾಸ್ತಿ, ಆಮ್ಲ ಮೇಲಕ್ಕೆ ನುಗ್ಗುತ್ತದೆ. ಮೊದಲೇ ಎದೆ ಉರಿ ಜೋರಾಗಿದ್ದವರಿಗೆ ಸ್ಲೀವ್ ಆದಮೇಲೆ ಅದು ಇನ್ನೂ ಕೆಡಬಹುದು. ಅದಕ್ಕೇ ಮೊದಲು ಎಂಡೋಸ್ಕೋಪಿ ಮಾಡಿಸುವುದು.

ಅಂಥವರಿಗೆ, ಜೊತೆಗೆ ಶುಗರ್ ಇರುವವರಿಗೆ, ಜಠರದ ಬೈಪಾಸ್ ವಾಸಿ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ಕತ್ತರಿಸಿ ಮೇಲೆ ತಂದು ಅದಕ್ಕೆ ಜೋಡಿಸುತ್ತೇವೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅದರ ದಾರಿ ಹಿಡಿಯುವುದಿಲ್ಲ. ಊಟ ಬೇಗ ಕೆಳಗಿನ ಕರುಳು ಮುಟ್ಟುವುದರಿಂದ ಶುಗರ್ ಇಳಿಸುವ ಜಿಎಲ್‌ಪಿ-1 ಎಂಬ ಹಾರ್ಮೋನ್ ಏರುತ್ತದೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಎಷ್ಟೋ ಜನರ ಶುಗರ್ ತಗ್ಗುತ್ತದೆ. ಬಹಳ ವರ್ಷ ಇನ್ಸುಲಿನ್ ತೆಗೆದುಕೊಂಡವರಲ್ಲಿ ಈ ಲಾಭ ಕಡಿಮೆ. ಆಮೇಲೆ ಜಾಸ್ತಿ ಸಿಹಿ ತಿಂದರೆ ಬೆವರು, ಎದೆ ಡವಡವ, ಭೇದಿ ಆಗಬಹುದು. ಒಂದೇ ಜೋಡಣೆಯ ಮಿನಿ ಬೈಪಾಸ್ ಕೂಡ ಇದೆ, ಅದರಲ್ಲಿ ಪಿತ್ತರಸ ಮೇಲೆ ಬರುವ ತೊಂದರೆ ಕೆಲವರಿಗೆ. ಜಠರದ ಸುತ್ತ ಪಟ್ಟಿ ಬಿಗಿಯುವ ಬ್ಯಾಂಡ್ ಈಗ ಅಪರೂಪ. ಜಠರದೊಳಗೆ ಉಬ್ಬಿಸಿಡುವ ಬಲೂನ್ ಸಾಮಾನ್ಯವಾಗಿ ಆರು ತಿಂಗಳ ಮಾತು.

ಯಾರಿಗೆ ಬೇಕು? ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಒಂದು ಅಳತೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 37.5, ಶುಗರ್ ಬಿಪಿಯಂಥ ಕಾಯಿಲೆ ಇದ್ದರೆ 32.5. ಐದು ಅಡಿ ಮೂರು ಇಂಚಿನವರಿಗೆ ಅದು ಸುಮಾರು 96 ಕೆಜಿ, ಕಾಯಿಲೆ ಇದ್ದರೆ 83. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಇದನ್ನು ಇನ್ನೂ ಕೆಳಗಿಳಿಸಿದೆ. ವಿಮೆಯವರ ಅಳತೆ ಇದಕ್ಕಿಂತ ಬಿಗಿ, ಮೊದಲೇ ವಿಚಾರಿಸಿಕೊಳ್ಳಿ.

ರಿಸ್ಕ್ ಮುಚ್ಚಿಡಬಾರದು. ರಕ್ತಸ್ರಾವ ಆಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೊಲಿಗೆಯಿಂದ ಸೋರಬಹುದು. ಸೋರಿಕೆ ಇದ್ದರೆ ಎಷ್ಟೋ ಸಲ ಜ್ವರಕ್ಕಿಂತ ಮೊದಲು ನಾಡಿ ಓಡುತ್ತದೆ. ನಾನು ರೌಂಡ್ಸ್‌ನಲ್ಲಿ ಮೊದಲು ಹಿಡಿಯುವುದು ಮಣಿಕಟ್ಟನ್ನೇ.

ನಮ್ಮ ಕಡೆಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಇಲ್ಲಿ ಶುದ್ಧ ಸಸ್ಯಾಹಾರಿಗಳು ಬಹಳ. ಬಿ12 ಸಿಗುವುದು ಹಾಲು, ಮೊಟ್ಟೆ, ಮಾಂಸದಲ್ಲಿ. ಅದು ಮೊದಲೇ ಕಡಿಮೆ ಇರುವವರಿಗೆ ಜಠರವೂ ಚಿಕ್ಕದಾದರೆ ಕೈಕಾಲು ಜೋಮು ಹಿಡಿಯುತ್ತದೆ, ನರ ಸೊರಗುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನೂ ಬೇಕು. ಒಂದು ಲೋಟ ಹಾಲಿನಲ್ಲಿ ಸಿಗುವುದು ಆರೇಳು ಗ್ರಾಂ. ಅನ್ನ ಸಾರಿನಿಂದ ಆ ಲೆಕ್ಕ ತುಂಬುವುದಿಲ್ಲ, ತಟ್ಟೆಯಲ್ಲಿ ಕಾಳು, ಪನೀರ್, ಸೋಯಾ ಮೊದಲು ಖಾಲಿಯಾಗಬೇಕು.

ಆ ತಾಯಿಗೆ ಬೈಪಾಸ್ ಆಯಿತು. ಮೂರು ತಿಂಗಳ ಮೇಲೆ ಬಂದಾಗ ಮಗನೇ ಮಾತ್ರೆಯ ಡಬ್ಬಿ ತೆರೆದು ತೋರಿಸಿದ, ಬೆಳಿಗ್ಗೆ ಸಂಜೆ ಎಂದು ಪೆನ್ನಿನಲ್ಲಿ ಬರೆದಿತ್ತು. ಬೆಣ್ಣೆ ದೋಸೆ ತಿನ್ನಬಹುದಾ ಎಂದು ಆಕೆ ಮೆಲ್ಲಗೆ ಕೇಳಿದರು. ಕಾಲು ದೋಸೆ, ಹದಿನೈದು ನಿಮಿಷ, ಚೆನ್ನಾಗಿ ಅಗಿದು ಎಂದೆ. ಮಗನಿಗೆ ಹೇಳಿದ್ದು ಇನ್ನೊಂದು. ಯಾವಾಗಲಾದರೂ ವಾಂತಿ ನಿಲ್ಲದೇ ಹೋದರೆ, ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ, ಗ್ಲೂಕೋಸ್ ಏರಿಸುವ ಮೊದಲು "ಜಠರದ ಬೈಪಾಸ್ ಆಗಿದೆ, ಥಯಮಿನ್ (ಬಿ1 ವಿಟಮಿನ್) ಕೊಡಿ" ಎಂದು ಹೇಳು. ಅವನು ಅದನ್ನೂ ಅದೇ ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಂಡ.