ಶ್ರೀರಂಗಪಟ್ಟಣದ ಕಂಬ ಬ್ರಿಟಿಷರು ನಿಲ್ಲಿಸಿದ್ದಲ್ವಾ?

ಓದುಗರ ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆ ಮೂಲೆಯಲ್ಲಿ, ಹೊಳೆ ಕಡೆಗೆ ಒಂದು ಎತ್ತರದ ಕಲ್ಲುಕಂಬ ಇದೆ. ಟಿಪ್ಪು ಸತ್ತ ಯುದ್ಧದ ನೆನಪಿಗೆ ಬ್ರಿಟಿಷರು ನಿಲ್ಲಿಸಿದ್ದು ಅಂದುಕೊಂಡಿದ್ದೆ. ಹತ್ತಿರ ಹೋಗಿ ಓದಿದರೆ ಮೈಸೂರು ಸರ್ಕಾರ ಕಟ್ಟಿಸಿದ್ದು ಅಂತಿದೆ. ಸೋತ ಊರಿನ ಸರ್ಕಾರ ಗೆದ್ದವರಿಗೆ ಯಾಕೆ ಸ್ಮಾರಕ ಕಟ್ಟಿಸಿತು?

ನೀವು ಓದಿದ್ದು ಸರಿಯಾಗಿಯೇ ಇದೆ. ಅದನ್ನು ನಿಲ್ಲಿಸಿದ್ದು 1907ರಲ್ಲಿ, ಮೈಸೂರು ಸರ್ಕಾರ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಯುದ್ಧ ಮುಗಿದು ನೂರೆಂಟು ವರ್ಷ ಆಗಿತ್ತು.

ಮೊದಲು ಆ ಜಾಗದ ಮಾತು. ಕಂಬವನ್ನು ಚೆನ್ನಾಗಿ ಕಾಣಲಿ ಅಂತ ಸುಮ್ನೆ ಆ ಮೂಲೆಯಲ್ಲಿ ನಿಲ್ಲಿಸಿಲ್ಲ. 1799ರ ಮೇ ತಿಂಗಳಲ್ಲಿ ಫಿರಂಗಿ ಹೊಡೆದು ಕೋಟೆ ಗೋಡೆ ಒಡೆದದ್ದು ಅಲ್ಲೇ. ಬ್ರಿಟಿಷ್ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್‌ಗೆ ಅವಸರ ಇತ್ತು. ದಂಡಿನ ಅಕ್ಕಿ ತೀರುತ್ತಾ ಬಂದಿತ್ತು, ಮಳೆಗಾಲ ಹಿಡಿದರೆ ಕಾವೇರಿ ದಾಟುವಂತಿರಲಿಲ್ಲ. ಮೇ 4ರ ಮಧ್ಯಾಹ್ನ, ಉರಿಬಿಸಿಲಲ್ಲಿ, ಬಂಡೆಗಳ ನಡುವೆ ಸಣಕಲಾಗಿದ್ದ ಹೊಳೆಗೆ ಇಳಿದು ಸೈನಿಕರು ಆ ಬಿರುಕಿಗೆ ನುಗ್ಗಿದರು. ಮುಂದೆ ನಿಂತಿದ್ದವನು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ, ಇದೇ ಊರಿನಲ್ಲಿ ಮೂರೂವರೆ ವರ್ಷ ಕೈದಿಯಾಗಿದ್ದವನು! ಸಂಜೆಯೊಳಗೆ ಕೋಟೆ ಬಿತ್ತು, ಟಿಪ್ಪು ಸತ್ತಿದ್ದ. ಬೇಸಿಗೆಯಲ್ಲಿ ಹೋದರೆ ಅಲ್ಲಿ ನಿಂತು ಹೊಳೆ ನೋಡಿ. ಅವರು ಹೇಗೆ ದಾಟಿದರು ಅಂತ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ನಿಮ್ಮ "ಸೋತ ಊರಿನ ಸರ್ಕಾರ" ಅನ್ನೋ ಮಾತು. ತೊಡಕಿರುವುದು ಇಲ್ಲೇ. ಸೋತದ್ದು ಟಿಪ್ಪುವಿನ ಸರ್ಕಾರ. ಒಡೆಯರ ಮನೆತನಕ್ಕೆ ರಾಜ್ಯ ಮರಳಿ ಸಿಕ್ಕಿದ್ದು ಅದೇ ಸೋಲಿನಿಂದ. ಕೋಟೆ ಬಿದ್ದ ಎರಡು ತಿಂಗಳೊಳಗೆ, ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯವರು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ಹಾಗಾಗಿ 1907ರ ಮೈಸೂರು ಸರ್ಕಾರಕ್ಕೆ 1799 ಅಂದರೆ ತನ್ನ ಹುಟ್ಟಿದ ವರ್ಷವೇ ಸರಿ. ಜೊತೆಗೆ ಬ್ರಿಟಿಷರ ಮರ್ಜಿಯೂ ಬೇಕಿತ್ತು. 1831ರಲ್ಲಿ ಆಡಳಿತ ಕಿತ್ತುಕೊಂಡು ಐವತ್ತು ವರ್ಷ ಇಟ್ಟುಕೊಂಡಿದ್ದವರು ಅವರು. ಅದು ಅರಮನೆಗೆ ಮರೆತುಹೋಗುವ ಸಂಗತಿಯೇ? ಇದು ನನ್ನ ಲೆಕ್ಕಾಚಾರ, ಕಲ್ಲಿನ ಮೇಲೆ ಬರೆದಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಮೈಸೂರು ಒಡೆಯರಿಗೆ ಬಂದರೂ ಶ್ರೀರಂಗಪಟ್ಟಣ ಬರಲಿಲ್ಲ. ಆ ದ್ವೀಪವನ್ನು ಕಂಪನಿ ತಾನೇ ಇಟ್ಟುಕೊಂಡಿತು. ಆಮೇಲೆ ವರ್ಷಕ್ಕೆ 50,000 ರೂಪಾಯಿಗೆ ಮೈಸೂರಿಗೇ ಗುತ್ತಿಗೆ ಕೊಟ್ಟಿತು. ತಮ್ಮ ಹಳೇ ರಾಜಧಾನಿಗೆ ತಾವೇ ಬಾಡಿಗೆ ಕಟ್ಟಿದ ಹಾಗೆ! 1881ರಲ್ಲಿ ಆಡಳಿತ ವಾಪಸ್ ಬಂದಾಗ ಬ್ರಿಟಿಷರು ಬೆಂಗಳೂರಿನ ದಂಡು ಪ್ರದೇಶವನ್ನು ತಮಗೆ ಇಟ್ಟುಕೊಂಡು, ಅದಕ್ಕೆ ಬದಲಾಗಿ ಶ್ರೀರಂಗಪಟ್ಟಣ ಬಿಟ್ಟುಕೊಟ್ಟರು. ಅಂದರೆ ಕಂಬ ಎದ್ದಾಗ ಆ ನೆಲ ಮೈಸೂರಿನದಾಗಿ ಬರೀ 26 ವರ್ಷ.

ಕಂಬದ ಮೇಲಿನ ಬರಹ ಇಂಗ್ಲಿಷಿನಲ್ಲಿದೆ. ಮುತ್ತಿಗೆಯಲ್ಲಿದ್ದ ಪಡೆಗಳು, ಸತ್ತ ಅಧಿಕಾರಿಗಳು ಅದರಲ್ಲಿ ಇದ್ದಾರೆ. ಬ್ರಿಟಿಷರ ಕಡೆ ಹೋರಾಡಿದವರಲ್ಲಿ ಮದ್ರಾಸು, ಮುಂಬಯಿ ಸೇನೆಗಳ ನಮ್ಮದೇ ದೇಶದ ಸಿಪಾಯಿಗಳೂ ಬಹಳ ಇದ್ದರು. ಕೋಟೆ ಕಾಯುತ್ತಾ ಸತ್ತವರಿಗೆ ಮಾತ್ರ ಆ ಕಲ್ಲಿನಲ್ಲಿ ಜಾಗವಿಲ್ಲ.

ಇಂಥದ್ದೇ ಇನ್ನೊಂದು ಕಂಬ ಬೆಂಗಳೂರಿನಲ್ಲಿತ್ತು, ಈಗಿನ ಹಡ್ಸನ್ ಸರ್ಕಲ್ ಹತ್ತಿರ. ಟಿಪ್ಪು ವಿರುದ್ಧದ ಯುದ್ಧಗಳಲ್ಲಿ ಸತ್ತ ಬ್ರಿಟಿಷರ ನೆನಪಿನದು. ಕನ್ನಡ ಚಳವಳಿಗಾರರ ವಿರೋಧ ಜೋರಾಗಿ, 1964ರಲ್ಲಿ ಅದನ್ನು ಕೆಡವಿದರು. ಇಂಥ ಸ್ಮಾರಕಕ್ಕೆ ಇಂಗ್ಲಿಷಿನಲ್ಲಿ ಸೆನೊಟಾಫ್ ಅಂತಾರೆ; ಅದರ ಹೆಸರು ಹೊತ್ತಿದ್ದ ಸೆನೊಟಾಫ್ ರಸ್ತೆ ಈಗ ನೃಪತುಂಗ ರಸ್ತೆ. ಶ್ರೀರಂಗಪಟ್ಟಣದ್ದು ಉಳಿಯಿತು.

ಮುಂದಿನ ಸಲ ಹೋದಾಗ ಕಂಬ ನೋಡಿಕೊಂಡು, ಕೋಟೆಯೊಳಗೇ ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೂ ಹೋಗಿಬನ್ನಿ. ಅಲ್ಲೂ ಒಂದು ಕಲ್ಲಿದೆ. ದೇಹ ಇಲ್ಲಿ ಸಿಕ್ಕಿತು ಅಂತ ಒಂದೇ ಸಾಲು.