ಪಟ್ಟದ ಜೊತೆಗೆ ನೆಲ, ನೆಲದ ಜೊತೆಗೆ ಊಳಿಗ

ಶ್ರೀಲಂಕಾದ ಸ್ಪಿನ್ನರ್ ರಂಗನಾ ಹೆರಾತ್ ಅವರ ಪೂರ್ಣ ಹೆಸರು ಹೆರಾತ್ ಮುದಿಯನ್ಸೆಲಾಗೆ ರಂಗನಾ ಕೀರ್ತಿ ಬಂಡಾರ ಹೆರಾತ್. ವೇಗಿ ಚಮಿಂಡ ವಾಸ್ ಅವರ ಹೆಸರು ‘ವರ್ಣಕುಲಸೂರ್ಯ ಪಟಬೆಂದಿಗೆ’ ಎಂದು ಶುರುವಾಗುತ್ತದೆ. ಶಾಸನ ಓದುವ ಕಸುಬಿನ ನನ್ನಂಥವರಿಗೆ ಇವು ಬರೀ ಉದ್ದನೆಯ ಹೆಸರುಗಳಲ್ಲ. ಮುದಿಯನ್ಸೆ ಎಂಬುದು ಸಿಂಹಳ ಅರಸರು ಕೊಡುತ್ತಿದ್ದ ಬಿರುದು. ಪಟಬೆಂದಿ ಎಂದರೆ ಹಣೆಗೆ ಪಟ್ಟ ಕಟ್ಟಿಸಿಕೊಂಡವನು. ಚಿನ್ನದ ಅಥವಾ ಬೆಳ್ಳಿಯ ತೆಳು ತಗಡಿನ ಮೇಲೆ ಹೊಸ ಹೆಸರು ಬರೆಸಿ, ಅದನ್ನು ಹಣೆಗೆ ಕಟ್ಟಿ ಅರಸನು ಒಬ್ಬನನ್ನು ತನ್ನ ಸೇವೆಯ ಸಾಲಿಗೆ ಸೇರಿಸಿಕೊಳ್ಳುತ್ತಿದ್ದ. ಆ ಹೆಸರು ಮುಂದೆ ಇಡೀ ಮನೆತನದ್ದಾಗುತ್ತಿತ್ತು.

ಕನ್ನಡಿಗರಿಗೆ ಈ ಪದ್ಧತಿ ಹೊಸದಲ್ಲ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನೋಡಿ. ನಾಗತ್ತರ ಯುದ್ಧದಲ್ಲಿ ಮಡಿದ ಮೇಲೆ ಗಂಗರ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ, ಅಂದರೆ ವೀರನ ಸಲುವಾಗಿ ಕೊಡುವ ಭೂಮಿಯಾಗಿ ಕೊಟ್ಟ. ಪಟ್ಟ ಮತ್ತು ಊರುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಸಿಂಹಳದ ಅರಮನೆಯ ಹುದ್ದೆಗಳನ್ನು ಅರಿಯಲು ಹೊರಟವರಿಗೆ ನಾನು ಹೇಳುವುದೂ ಇದನ್ನೇ: ಹುದ್ದೆಯ ಹೆಸರು ಕಂಡಾಗ ಅದರ ಜೊತೆ ಯಾವ ಭೂಮಿ ಬಂತು, ಯಾವ ಜನ ಬಂದರು, ಯಾವ ಕೆಲಸ ಬಂತು ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ಹೆಸರು ಇನ್ನೂ ಅರ್ಥವಾಗಿಲ್ಲ.

ಹಳೆಯ ಕಾಲವನ್ನು ಬೇಗ ದಾಟುತ್ತೇನೆ. ಅನುರಾಧಪುರದ ಬ್ರಾಹ್ಮಿ ಶಾಸನಗಳಲ್ಲಿ ‘ಪರುಮಕ’ರು, ಅಂದರೆ ಪ್ರಮುಖರು, ಬಿಕ್ಕುಗಳಿಗೆ ಗುಹೆಗಳನ್ನು ದಾನ ಕೊಡುತ್ತಾರೆ. ಪೊಲೊನ್ನರುವದಲ್ಲಿ ನಿಶ್ಶಂಕಮಲ್ಲನ (1187–1196) ಸಭಾಮಂಟಪದ ಕಂಬಗಳ ಮೇಲೆ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂದು ಕೆತ್ತಲಾಗಿದೆ. ಯುವರಾಜನಿಗೆ, ಸೇನಾಪತಿಗೆ, ಬರಹದವರಿಗೆ, ಮಂಡಲಗಳ ಒಡೆಯರಿಗೆ, ವರ್ತಕರ ಮುಖಂಡರಿಗೆ ಅವರವರ ಕಂಬ. ದರ್ಬಾರಿನ ಅಂತಸ್ತನ್ನು ಇಷ್ಟು ನೇರವಾಗಿ ಕಲ್ಲೇ ತೋರಿಸುವುದು ಅಪರೂಪ.

ವ್ಯವಸ್ಥೆ ಪೂರ್ತಿ ಕಣ್ಣಿಗೆ ಕಾಣುವುದು ಸಿಂಹಳದ ಕೊನೆಯ ರಾಜ್ಯವಾದ ಕ್ಯಾಂಡಿಯಲ್ಲಿ. ಅಲ್ಲಿ ಅರಸನ ನಂತರದ ಸ್ಥಾನ ಮಹಾ ಅದಿಕಾರಂನದು. ಬ್ರಿಟಿಷರ ಕಾಗದಗಳಲ್ಲಿ ಅವನೇ ‘ಅದಿಗಾರ್’. ಆದರೆ ಅದಿಕಾರಂ ಒಬ್ಬನಲ್ಲ, ಪಲ್ಲೆಗಂಪಹೆಯವನು ಒಬ್ಬ, ಉಡಗಂಪಹೆಯವನು ಇನ್ನೊಬ್ಬ. ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹ ಮೂರನೆಯವನನ್ನೂ ಸೇರಿಸಿದ. ಅಧಿಕಾರ ಒಬ್ಬನ ಕೈಯಲ್ಲೇ ಗಟ್ಟಿಯಾಗಬಾರದೆಂಬ ಎಚ್ಚರ ಇಲ್ಲಿದೆ. ನಾಡುಗಳನ್ನು ಆಳುತ್ತಿದ್ದ ದಿಸಾವರ ವಿಷಯದಲ್ಲೂ ಅದೇ ಎಚ್ಚರ. ಊವ, ಮಾತಲೆ, ಸಬರಗಮುವ, ಸತ್ ಕೋರಳೆಗಳ ದಿಸಾವರು ಬಹುಪಾಲು ರಾಜಧಾನಿಯಲ್ಲೇ ಇರಬೇಕಿತ್ತು. ನಾಡನ್ನು ಅವರ ಕೈಕೆಳಗಿನವರು ನೋಡಿಕೊಳ್ಳುತ್ತಿದ್ದರು. 1660ರಿಂದ ಸುಮಾರು ಇಪ್ಪತ್ತು ವರ್ಷ ಅಲ್ಲಿ ಸೆರೆಯಲ್ಲಿದ್ದ ರಾಬರ್ಟ್ ನಾಕ್ಸ್ ಇದನ್ನು ಬರೆದಿಟ್ಟಿದ್ದಾನೆ. ಹುದ್ದೆ ವಂಶದ ಹಕ್ಕಾಗಿರಲಿಲ್ಲ. ಅರಸನ ಮನಸ್ಸಿದ್ದಷ್ಟು ದಿನ ಹುದ್ದೆ. ಹೊಸ ವರ್ಷದ ಹೊತ್ತಿಗೆ ‘ದೆಕುಂ’ ಎಂಬ ಕಾಣಿಕೆಯೊಡನೆ ಅವನ ಮುಂದೆ ನಿಲ್ಲಬೇಕಿತ್ತು.

ದಿಸಾವ ಆಳುವ ನಾಡಿನಲ್ಲಿ ಎಲ್ಲರೂ ಅವನ ಜನರೇ ಎಂದುಕೊಳ್ಳಬೇಡಿ. ಅದೇ ಊರಿನ ಅಕ್ಕಸಾಲಿ, ಕಮ್ಮಾರರು ‘ಕೊಟ್ಟಲ್‌ಬದ್ದ’ ಎಂಬ ಕುಶಲಕರ್ಮಿಗಳ ಇಲಾಖೆಗೆ ಸೇರಿದವರು. ಆನೆ ಹಿಡಿಯುವವರು ‘ಕುರುವೆ’ಗೆ ಸೇರಿದವರು, ಅರಮನೆಯ ಆನೆಗಳಿಗೆ ಗಜನಾಯಕ ನಿಲಮೆ (ನಿಲಮೆ ಎಂದರೆ ಅಧಿಕಾರಿ). ಎತ್ತಿನ ಸಾಗಾಟಕ್ಕೆ ‘ಮಡಿಗೆ ಬದ್ದ’. ಅರಸನ ಊಟಕ್ಕೆ, ಉಡುಪಿಗೆ, ಉಗ್ರಾಣಕ್ಕೆ ಒಬ್ಬೊಬ್ಬ ನಿಲಮೆ. ಯಾವ ಜಮೀನು ಉಳುವವನು ಯಾವ ಊಳಿಗಕ್ಕೆ ಬದ್ಧ ಎಂಬುದು ‘ಲೇಕಂ ಮಿಟಿ’ ಎಂಬ ಓಲೆಯ ದಾಖಲೆಯಲ್ಲಿರುತ್ತಿತ್ತು. ಜಮೀನಿಗೆ ಪ್ರತಿಯಾಗಿ ಮಾಡುವ ಈ ಸೇವೆಯೇ ರಾಜಕಾರಿಯ. ಪ್ರದೇಶ ಒಬ್ಬನದು, ಕಸುಬು ಇನ್ನೊಬ್ಬನದು. ಎರಡೂ ಎಳೆಗಳು ಅರಸನ ಕೈಯಲ್ಲಿ. ಈ ಹೆಣಿಗೆಯನ್ನು ಬಿಟ್ಟು ಬರೀ ಹುದ್ದೆಗಳ ಪಟ್ಟಿ ಕೊಡುವ ಪಠ್ಯಗಳ ಬಗ್ಗೆ ನನಗೆ ನಿಜಕ್ಕೂ ಅಸಮಾಧಾನವಿದೆ.

ವ್ಯವಸ್ಥೆಯ ಕ್ರೌರ್ಯವೂ ಇದೇ ಹೆಣಿಗೆಯಿಂದ ಹುಟ್ಟಿತು. ಎಹೆಲೆಪೊಲ ಮಹಾ ಅದಿಕಾರಂ ಆಗಿದ್ದವನು, ಸಬರಗಮುವದ ದಿಸಾವನೂ ಹೌದು. 1814ರಲ್ಲಿ ಅವನು ತನ್ನ ನಾಡಿನಿಂದ ಬಂಡೆದ್ದಾಗ ಹೆಂಡತಿ ಮಕ್ಕಳು ಕ್ಯಾಂಡಿಯಲ್ಲಿ ಅರಸನ ಕೈಯಳತೆಯಲ್ಲಿದ್ದರು. ಅವರನ್ನು ಕೊಲ್ಲಿಸಲಾಯಿತು. ಅವನ ಪಟ್ಟ ಮೊಲ್ಲಿಗೊಡನಿಗೆ ಹೋಯಿತು. ಮಾರನೆಯ ವರ್ಷ ಬ್ರಿಟಿಷರು ರಾಜ್ಯವನ್ನು ಹಿಡಿದರು. ಅರಸ ವೆಲ್ಲೂರಿಗೆ ಗಡೀಪಾರಾದ.

1815ರ ಒಪ್ಪಂದದಲ್ಲಿ ನಾಯಕರ ಹಕ್ಕು, ಮರ್ಯಾದೆಗಳನ್ನು ಉಳಿಸುವ ಮಾತಿತ್ತು. ಆದರೂ ಎರಡೇ ವರ್ಷದಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತು. ಅದನ್ನು ಅಡಗಿಸಲು ಅವರು ಕಳಿಸಿದ ಊವದ ದಿಸಾವ ಕೆಪ್ಪೆಟಿಪೊಲ ದಂಗೆಕೋರರ ಜೊತೆಗೇ ನಿಂತ. 1818ರ ನವೆಂಬರಿನಲ್ಲಿ ಅವನ ತಲೆ ಕಡಿಸಲಾಯಿತು. ಅದೇ ತಿಂಗಳ ಘೋಷಣೆ ನಾಯಕರನ್ನು ಸಂಬಳದವರನ್ನಾಗಿಸಿತು. ಬ್ರಿಟಿಷ್ ಸರ್ಕಾರ ಕಳಿಸಿದ್ದ ವಿಚಾರಣಾ ಆಯುಕ್ತ ಕೋಲ್‌ಬ್ರೂಕ್‌ನ ಶಿಫಾರಸಿನ ನಂತರ 1832ರಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕಿದ್ದ ರಾಜಕಾರಿಯ ರದ್ದಾಯಿತು. ದಿಸಾವ, ರಟೆ ಮಹತ್ಮಯ (ಚಿಕ್ಕ ನಾಡಿನ ಮುಖ್ಯಸ್ಥ) ಎಂಬ ಹೆಸರುಗಳು ಉಳಿದವು, ಅವುಗಳ ಬುಡದಲ್ಲಿದ್ದ ನೆಲ ಮತ್ತು ಊಳಿಗ ಹೋದವು.

ದೇವಾಲಯದ ಜಮೀನುಗಳಿಗೆ ಮಾತ್ರ ಈ ರದ್ದತಿ ತಾಗಲಿಲ್ಲ. ಆದ್ದರಿಂದಲೇ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ಕ್ಯಾಂಡಿಯ ದಂತಮಂದಿರದಲ್ಲಿ ಹಳೆಯ ಹುದ್ದೆಗಳು ಕೆಲಸದೊಡನೆ ಬದುಕಿವೆ. ಎಸಳ ಪೆರಹೆರ ಎಂಬ ವಾರ್ಷಿಕ ಮೆರವಣಿಗೆಯಲ್ಲಿ ಚಾಟಿ ಬೀಸುವವರು ದಾರಿ ಮಾಡುತ್ತಾರೆ. ಓಲೆಗರಿಯ ಕಟ್ಟು ಹಿಡಿದು ಪೆರಮುಣೆ ರಾಳ, ಅಂದರೆ ಮುಂಚೂಣಿಯ ಅಧಿಕಾರಿ, ಆನೆಯ ಮೇಲೆ ಬರುತ್ತಾನೆ. ಅಂಕುಶ ಹಿಡಿದು ಗಜನಾಯಕ ನಿಲಮೆ. ದಂತಧಾತುವಿನ ಕರಂಡ ಹೊತ್ತ ಆನೆಯ ಹಿಂದೆ ದಿಯವಡನ ನಿಲಮೆ. ಒಂದು ಕಾಲಕ್ಕೆ ಅರಸನ ಸ್ನಾನದ ನೀರಿನ ಹೊಣೆ ಹೊತ್ತಿದ್ದ ಹುದ್ದೆ ಅದು. ಈಗ ಮಂದಿರದ ಆಡಳಿತವೇ ಅದರ ಕೈಯಲ್ಲಿದೆ. ನೇಮಿಸಲು ಅರಸನಿಲ್ಲದ ಕಾರಣ ಮಲ್ವತ್ತೆ, ಅಸ್ಗಿರಿಯ ಮಠಗಳ ಮಹಾನಾಯಕರು, ದೇವಾಲಯಗಳ ಆಡಳಿತ ನೋಡುವ ಬಸ್ನಾಯಕ ನಿಲಮೆಗಳು ಮತ್ತು ಸರ್ಕಾರಿ ಅಧಿಕಾರಿಗಳು ಮತ ಹಾಕಿ ಹತ್ತು ವರ್ಷದ ಅವಧಿಗೆ ಒಬ್ಬನನ್ನು ಆರಿಸುತ್ತಾರೆ.