ಬೂತಾಯಿ ಕಡಿಮೆಯಾದರೆ ಕಡಲಲ್ಲಿ ಏನೇನಾಗುತ್ತದೆ?

ಆಹಾರ ಸರಪಳಿಯ ಪ್ರಶ್ನೆ ಬಂದರೆ ನಾವು ಹೆಚ್ಚಿನವರು ಬರೆಯುವುದು ಒಂದೇ ಸಾಲು: 'ಒಂದು ಜೀವಿ ಇಲ್ಲವಾದರೆ ಅದನ್ನು ತಿನ್ನುವ ಜೀವಿಗೆ ಆಹಾರ ಸಿಗುವುದಿಲ್ಲ.' ಇದು ಅರ್ಧ ಉತ್ತರ. ಪೆಟ್ಟು ಕೆಳಗಿನ ಹಂತಕ್ಕೂ ಬೀಳುತ್ತದೆ, ಪಕ್ಕದವರಿಗೂ ತಾಗುತ್ತದೆ.

ನಮ್ಮ ಬೂತಾಯಿ ಮೀನನ್ನೇ ನೋಡೋಣ. ಕಾಸರಗೋಡು ಪೇಟೆಯಲ್ಲಿ ಮಲಯಾಳ ಮಾತಾಡುವವರು ಮತ್ತಿ ಅನ್ನುವುದು ಇದನ್ನೇ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಕಡಲಿನ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಜೊತೆಗೆ ಪೋಷಕಾಂಶಗಳೂ ಬರುತ್ತವೆ. ಆಗ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು, ಜಾಸ್ತಿಯಾಗುತ್ತವೆ. ಬೂತಾಯಿ ಅವನ್ನು ತಿಂದು ಕೊಬ್ಬುತ್ತದೆ. ಬೂತಾಯಿಯನ್ನು ಅಂಜಲ್, ಕೇದರ (ಟ್ಯೂನ) ಮೀನುಗಳು, ಡಾಲ್ಫಿನ್, ಕಡಲಹಕ್ಕಿಗಳು ತಿನ್ನುತ್ತವೆ. ಅಂಜಲ್ ಮೀನು ಪ್ಲವಕವನ್ನು ನೇರವಾಗಿ ತಿಂದು ಬದುಕಲಾರದು, ಅಲ್ವಾ? ನಡುವೆ ಬೂತಾಯಿಯಂಥ ಸಣ್ಣ ಮೀನು ಬೇಕೇ ಬೇಕು.

ಈ ನಡುವಿನ ಕೊಂಡಿ ಸುಲಭವಾಗಿ ಅಲುಗಾಡುತ್ತದೆ. ಕೇರಳದಲ್ಲಿ 2012ರಲ್ಲಿ ಸಿಕ್ಕಿದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬರೀ 3,297 ಟನ್! ಆ ವರ್ಷ ಬಲೆ ಖಾಲಿ, ಊಟದ ತಟ್ಟೆಯೂ ಖಾಲಿ. ಬಲೆಯೊಂದೇ ಇದಕ್ಕೆ ಕಾರಣ ಅಂತ ಬರೆಯಬೇಡಿ. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬಿಸಿಯಾಗುವುದು) ಅಂಥ ಕಡಲಿನ ಬದಲಾವಣೆಗಳೂ ಬೂತಾಯಿಯನ್ನು ಏರಿಳಿಸುತ್ತವೆ.

ಕೊಂಡಿ ಕಳಚಿದರೆ ಮುಂದೇನು? ಇದಕ್ಕೆ ಒಳ್ಳೆಯ ಉದಾಹರಣೆ ಆಫ್ರಿಕಾದ ನಮೀಬಿಯ. ಅಲ್ಲಿ 1960ರ ದಶಕದಲ್ಲಿ ಬೂತಾಯಿಯ ಬಳಗಕ್ಕೇ ಸೇರಿದ ಸಾರ್ಡೀನ್ ಮೀನನ್ನು ವಿಪರೀತ ಹಿಡಿದರು. ಮೀನು ಕುಸಿಯಿತು. ಅದನ್ನೇ ನಂಬಿದ್ದ ಪೆಂಗ್ವಿನ್‌ಗಳು ಕಡಿಮೆ ಕೊಬ್ಬಿನ ಬೇರೆ ಮೀನು ತಿನ್ನಬೇಕಾಯಿತು, ಅವುಗಳ ಸಂಖ್ಯೆಯೂ ಇಳಿಯಿತು. ಇದು ಮೇಲಿನ ಕಥೆ. ಕೆಳಗೆ, ಸಾರ್ಡೀನ್ ತಿನ್ನದೆ ಉಳಿಸಿದ ಪ್ಲವಕ ಲೋಳೆಮೀನಿನ (ಜೆಲ್ಲಿಫಿಶ್) ಪಾಲಾಯಿತು. ಅಲ್ಲಿ ಮೀನಿಗಿಂತ ಲೋಳೆಮೀನಿನ ತೂಕವೇ ಜಾಸ್ತಿ ಅಂತ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಲೋಳೆಮೀನು ಮೀನಿನ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಹಾಗಾಗಿ ಸಾರ್ಡೀನ್ ಮತ್ತೆ ಚೇತರಿಸಿಕೊಳ್ಳುವುದೇ ಕಷ್ಟ. ನನಗೆ ತುಂಬಾ ಬೇಸರ ತರುವ ಭಾಗ ಇದು.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವ ಕಡಲ ನೀರುನಾಯಿಯ ಕಥೆ ಮೇಲಿನ ಹಂತದಿಂದ ಶುರುವಾಗುತ್ತದೆ: ನೀರುನಾಯಿ ಹೋದರೆ ಮುಳ್ಳುಚೆಂಡಿನಂಥ ಕಡಲಚಿಳ್ಳೆ ಹೆಚ್ಚುತ್ತದೆ, ಅದು ಕೆಲ್ಪ್ ಪಾಚಿಯ ಕಾಡನ್ನು ಮೇಯ್ದು ಮುಗಿಸುತ್ತದೆ. ಬೂತಾಯಿಯದು ನಡುವಿನಿಂದ ಶುರುವಾಗುವ ಕಥೆ. ಚಿತ್ರ ಬರೆಯುವಾಗ ಬೂತಾಯಿಯನ್ನು ನಡುವೆ ಇಟ್ಟು, ಬಾಣದ ತುದಿಯನ್ನು ತಿನ್ನುವವರ ಕಡೆಗೇ ತೋರಿಸಿ. ಲೋಳೆಮೀನಿನಿಂದ ಮೊಟ್ಟೆಗೆ ಬಾಣ ಎಳೆದರೆ ತಪ್ಪು. ಅದು ಮೊಟ್ಟೆಯಿಂದ ಲೋಳೆಮೀನಿಗೆ ಹೋಗಬೇಕು.